ಬೀಗ ಬಿದ್ದ ಗ್ರೂಪು

ಕೆರೆ ಪಂಚಾಯಿತಿಗೆ ಅಧ್ಯಕ್ಷೆಯಾದ ಎಮ್ಮೆ "ನಮ್ಮ ಕೆರೆ, ನಮ್ಮ ಮಾತು" ಅಂತ ಒಂದು ವಾಟ್ಸಾಪ್ ಗ್ರೂಪು ಮಾಡಿತು. ಬೆಳಗಾದರೆ ಸಾಕು, ಕಪ್ಪೆಗಳೆಲ್ಲ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸಿ ಕಳಿಸಿ ಅದರ ತಲೆ ತಿಂದವು. ತಡೆಯಲಾರದೆ ಎಮ್ಮೆ, ಅಡ್ಮಿನ್ ಮಾತ್ರ ಬರೆಯೋ ಹಾಗೆ ಗ್ರೂಪಿಗೆ ಬೀಗ ಹಾಕಿತು. ಹಾಕಿದ್ದನ್ನೂ ಮರೆತುಬಿಟ್ಟಿತು.

ಒಂದು ದಿನ ಗ್ರೂಪಲ್ಲಿ ಬರೆಯಿತು: "ದಂಡೆಯ ಗುಂಡಿಯಲ್ಲಿ ಸೊಳ್ಳೆ ಜಾಸ್ತಿ. ಮಣ್ಣು ತುಂಬೋಣವೇ? ಬೇಡ ಅನ್ನೋರು ಸಂಜೆಯೊಳಗೆ ತಿಳಿಸಿ." ಯಾರೂ ತಿಳಿಸಲಿಲ್ಲ. ಮರುದಿನ ಮಣ್ಣು ಹೊತ್ತು ಹೋದರೆ, ಒಂದು ಕಪ್ಪೆ ಗುಂಡಿಗೆ ಅಡ್ಡ ಕೂತಿತ್ತು.

"ಏಳಮ್ಮ, ಎಲ್ಲರ ಒಪ್ಪಿಗೆ ಆಗಿದೆ," ಅಂದಿತು ಎಮ್ಮೆ.

"ಅಕ್ಕಾ, ಇದರೊಳಗೆ ನನ್ನ ಮರಿಗಳಿವೆ. ಇನ್ನೂ ಕಾಲು ಬಂದಿಲ್ಲ."

"ಅದನ್ನ ಗ್ರೂಪಲ್ಲಿ ಹೇಳಬಾರದಿತ್ತೇ?"

"ನೀವೇ ಬಾಯಿಗೆ ಬಟ್ಟೆ ತುರುಕಿ, ಯಾಕೆ ಸುಮ್ಮನಿದ್ದೆ ಅಂತೀರಲ್ಲ."

ಆಗ ಎಮ್ಮೆಗೆ ಬೀಗ ನೆನಪಾಯಿತು. ಮಣ್ಣನ್ನು ದೂರ ಸುರಿದು ಬಂದು, ಗ್ರೂಪಿನ ಬೀಗ ತೆಗೆಯಿತು. ಟಣ್ ಅಂತ ಮೊದಲ ಮೆಸೇಜು ಬಂತು: ಗುಲಾಬಿ ಹೂವು, ಶುಭೋದಯ. ಎಮ್ಮೆ ಒಂದು ನಿಟ್ಟುಸಿರು ಬಿಟ್ಟು, ತಾನೂ ಒಂದು ಹೂವು ಕಳಿಸಿ, ಮುಂದಿನ ಮೆಸೇಜಿಗೆ ಕಾಯುತ್ತಾ ಕೂತಿತು.