ಹೂಂ ಅಂದ ಸಂಕಣ್ಣ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಸುಮ್ಮನಿರುತ್ತೇನೆ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ನೀಲವ್ವ ಅಂತ ಒಬ್ಬಳು. ಅವಳಿಗೊಬ್ಬ ಮಗ, ಸಂಕಣ್ಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು. ಅವನ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟೊಂದು ಗೋಡೆಯ ಮೇಲಿತ್ತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಹೆದರಿಕೆ ಹೆಚ್ಚಾಗುತ್ತಿತ್ತು.

ತೀರಿಹೋದ ಗಂಡ ನಲವತ್ತು ಖಣದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ಮಗ್ಗದಲ್ಲಿ ಚಿತ್ರ ಮೂಡಿಸುವ ತೂತಿನ ರಟ್ಟು ಕೊರೆಯಬೇಕಾದರೆ ಅವೇ ಬೇಕು. ಆ ಕಂಪ್ಯೂಟರ್ ಕೆಟ್ಟಿತು. ಬಾಗಲಕೋಟೆಯ ರಿಪೇರಿ ಮಾಸ್ತರ ಚಿತ್ರಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ತುಂಬಿಕೊಟ್ಟರು. ಹೊಸ ವಿಂಡೋಸ್ ಅವನ್ನು ತೆರೆಯಲೊಲ್ಲದು.

ಮಾಸ್ತರ ಫೋನಿನಲ್ಲಿ ಸಂಕಣ್ಣನಿಗೆ ಅಂದರು, "ಹೊಸಾದು ಇರಲಿ, ಅದರ ಜೋಡಿ ಹಳೇ ವಿಂಡೋಸೂ ಹಾಕು. ಕಂಪ್ಯೂಟರ ಎರಡು ಪಾಲು ಮಾಡು. ಒಂದು ಹಳೇದಕ್ಕ, ಒಂದು ಹೊಸಾದಕ್ಕ."

ಸಂಕಣ್ಣ ಸುಣ್ಣದ ಕಡ್ಡಿ ತಗೊಂಡ. ಪರದೆಯ ನಟ್ಟನಡುವೆ ಗೆರೆ ಎಳೆದ. ಆಮೇಲೆ ಕೈಕಟ್ಟಿ ಕೂತ.

"ಏನೋ ಇದು?" ಅಂದಳು ನೀಲವ್ವ.

"ಪಾಲು ಮಾಡೀನವ್ವ."

"ಹೊರಗ ಗೀಚಿದರ ಏನ್ ಬಂತೋ, ಖೋಡಿ. ಹೊರಗಿಂದು ಬಿಡು, ಒಳಗಿಂದು ಹಿಡಿ."

ಆಗಲಿ ಅಂದ. ಮರುದಿನ ಹಳೆ ವಿಂಡೋಸಿನ ಸಿ.ಡಿ. ತರಲು ಬಾಗಲಕೋಟೆಗೆ ಹೋದ. ಹೊರಗಿಂದು ಬಿಡು ಅಂದಿದ್ದಳಲ್ಲ, ಕವರನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟ. ಒಳಗಿನ ಸಿ.ಡಿ. ಹಿಡಿದು ಬಂದ. ವಿಂಡೋಸ್ ಹಾಕುವಾಗ ಕೊಡಬೇಕಾದ ಕೀಲಿ ನಂಬರು ಇದ್ದದ್ದು ಕವರಿನ ಮೇಲೆ. ನೀಲವ್ವ ಮಗ್ಗ ಬಿಟ್ಟೆದ್ದು ಬಸ್ ಹತ್ತಿದಳು, ಕಸದ ಡಬ್ಬಿ ಕೆದಕಿ ಕವರು ತಂದಳು.

"ಬರದದ್ದು ಕಂಡರ ಬಿಡಬ್ಯಾಡೋ, ನನ್ನಪ್ಪಾ. ಒಂದಕ್ಷರ ಬಿಡದಂಗ ಬರಕೋ."

ಆಗಲಿ ಅಂದ. ಸಿ.ಡಿ. ಹಾಕಿದ. ಪರದೆಯ ತುಂಬ ಕರಾರುಪತ್ರ ಬಂತು, ಇರುವೆ ಸಾಲಿನಂಥ ಇಂಗ್ಲಿಷು. ಸಂಕಣ್ಣ ನೋಟ್‌ಬುಕ್ ತೆಗೆದ. ಮೂರು ದಿನ ಬರೆದ. ನೋಟ್‌ಬುಕ್ ತುಂಬಿತು, ಕ್ಯಾಲೆಂಡರಿನ ಹಿಂಬದಿಯೂ ತುಂಬಿತು. ಮಗ್ಗ ಖಾಲಿ ನಿಂತಿತ್ತು.

ನೀಲವ್ವನ ತಾಳ್ಮೆ ಮುಗಿಯಿತು. "ಅದನ್ನ ಯಾರೂ ಓದೂದಿಲ್ಲೋ. ಏನ್ ಕೇಳಿದರೂ ಹೂಂ ಅನ್ನು, ಮುಂದ ಹೋಗು."

ಆಗಲಿ ಅಂದ. ಕಂಪ್ಯೂಟರ್ ಕೇಳಿತು, ಕರಾರು ಒಪ್ಪಿಗೆಯೇ? ಹೂಂ. ಈ ಡಿಸ್ಕಿಗೇ ಹಾಕಲೇ? ಹೂಂ. ಇದರಲ್ಲಿರುವುದನ್ನೆಲ್ಲ ಅಳಿಸಲೇ? ಹೂಂ. ಖಂಡಿತವೇ? ಹೂಂ.

ಸಂಜೆಗೆ ಹಳೆ ವಿಂಡೋಸ್ ಬಂತು. ಪರದೆಯ ಮೇಲೆ, ಗಂಡ ಇದ್ದಾಗ ದಿನಾ ನೋಡುತ್ತಿದ್ದ ಅದೇ ಹಸಿರು ಗುಡ್ಡದ ಚಿತ್ರ. ನೀಲವ್ವನ ಕಣ್ಣು ತುಂಬಿದವು.

"ತಗಿಯೋ, ನಿಮ್ಮಪ್ಪನ ಖಣ ತಗಿ."

ಸಂಕಣ್ಣ ಹುಡುಕಿದ. ಇಲ್ಲ. ಹೊಸ ವಿಂಡೋಸೂ ಇಲ್ಲ, ನಲವತ್ತರಲ್ಲಿ ಒಂದು ಖಣವೂ ಇಲ್ಲ.

"ಎಲ್ಲಾ ಅಳಸಲೇನು ಅಂತ ಕೇಳ್ತವ್ವ. ನೀ ಹೇಳಿದಂಗ ಹೂಂ ಅಂದೆ."

ನೀಲವ್ವ ನೆಲದ ಮೇಲೇ ಕೂತಳು. ಮಗನ ಮುಖ ನೋಡಿ ಕೇಳಿದಳು, "ಸಂಕಣ್ಣ, ನನ್ನ ಜೀವಾ ತಗೀಬೇಕಂತ ಮಾಡೀಯೇನೋ?"

"ಹೂಂ," ಅಂದ ಸಂಕಣ್ಣ. ಅಂದು, ಅವಳನ್ನು ದಾಟಿ ಮುಂದೆ ಹೋದ.

ನೀವಿನ್ನು ಹೂಂ ಅನ್ನುವುದು ನಿಲ್ಲಿಸಬಹುದು.