ಮೆಂಗನ ನೇರಳೆ ನಾಲಿಗೆ

ಮಕ್ಕಳೇ, ಚೀನಾ ದೇಶದ ಒಂದು ಬಿದಿರುಕಾಡಿನಲ್ಲಿ ಒಂದು ಕೊಳವಿತ್ತು. ಅದರ ದಡದಲ್ಲಿ ಒಂದೇ ಒಂದು ಹಿಪ್ಪುನೇರಳೆ ಮರ. ಆ ಮರ ಮೆಂಗ್ ಎಂಬ ಮಂಗನದು. ಅದೆಂದರೆ ಅವನಿಗೆ ಪ್ರಾಣ. ಮೆಂಗ್ ಚುರುಕು ಬುದ್ಧಿಯವನೇ. ಯಾರ ಮಾತನ್ನಾದರೂ ಕೊನೆಯವರೆಗೆ ಕೇಳುವ ತಾಳ್ಮೆ ಮಾತ್ರ ಇರಲಿಲ್ಲ.

ಆ ಮರದ ನೆರಳಲ್ಲೇ ಕೊಕ್ಕರೆಯಮ್ಮ ಮದ್ದು ಕೊಡುತ್ತಿದ್ದಳು. ಯಾರೇ ಬರಲಿ, ಮೊದಲು "ನಾಲಿಗೆ ಚಾಚು" ಅನ್ನುವಳು. ಒಂದು ಬೆಳಿಗ್ಗೆ ಅವಳು ಕಪ್ಪೆಗೆ ಹೇಳುತ್ತಿದ್ದಳು:

"ನಮ್ಮ ಮೈಯಲ್ಲಿ ‘ಚಿ’ ಅನ್ನೋ ಪ್ರಾಣಶಕ್ತಿ ಹರಿಯುತ್ತಾ ಇರುತ್ತೆ ಕಣಪ್ಪ. ಅದು ಹೆಚ್ಚಾಗಬಾರದು, ಕಡಿಮೆಯಾಗಬಾರದು, ಎಲ್ಲೂ ಕಟ್ಟಿಕೊಳ್ಳಬಾರದು. ಕಟ್ಟಿಕೊಂಡರೆ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗುತ್ತೆ. ಆದರೆ..."

ಮೇಲಿನ ಕೊಂಬೆಯಲ್ಲಿ ಹಣ್ಣು ಮುಕ್ಕುತ್ತಿದ್ದ ಮೆಂಗ್ ಆ ‘ಆದರೆ’ಗೆ ಕಾಯಲಿಲ್ಲ. ಸರ್ರನೆ ಇಳಿದು ಕೊಳಕ್ಕೆ ಬಗ್ಗಿ ನಾಲಿಗೆ ಚಾಚಿದ. ಅಯ್ಯಯ್ಯೋ, ಕಡುನೇರಳೆ!

"ಕೊಕ್ಕರೆಯಮ್ಮನನ್ನು ಕೇಳೋದೇನು? ರೋಗ ಯಾವುದು ಅಂತ ನನಗೇ ಗೊತ್ತಾಯಿತಲ್ಲ!" ಎಂದುಕೊಂಡು, ಅವಳು ಬೇರುನಾರು ತರಲು ಕಾಡಿಗೆ ಹೋದದ್ದೇ ತಡ, ಅವಳು ಒಣಗಹಾಕಿದ್ದ ಶುಂಠಿಯನ್ನು ಹಿಡಿಗಟ್ಟಲೆ ತಿಂದ. ಮೈ ಧಗಧಗ ಉರಿಯಿತು. ಉರಿ ಇಳಿಯಲೆಂದು ಕಹಿಬೇರು ಜಗಿದ. ಗಡಗಡ ಚಳಿ ಹಿಡಿಯಿತು, ಹೊಟ್ಟೆ ತೊಳಸಿತು. ಬಾಯಿ ಕಹಿಯಾಯಿತೆಂದು ಮತ್ತೆ ನಾಲ್ಕು ಹಣ್ಣು ತಿಂದು ಕೊಳದಲ್ಲಿ ನೋಡಿಕೊಂಡ. ನಾಲಿಗೆ ಮೊದಲಿಗಿಂತ ಕಪ್ಪಾಗಿತ್ತು!

ಪಾಪ, ಅವನ ಎದೆ ಒಡೆದೇಹೋಯಿತು. ನೆರೆಯ ಕರಡಿ ಬಾವೋನನ್ನು ಕರೆದ. "ಬಾವೋ ಅಣ್ಣ, ನಾನಿನ್ನು ಬದುಕೋದಿಲ್ಲ. ಈ ಮರ ನಿನಗೇ ಇರಲಿ."

"ಛೆ ಛೆ, ಹಾಗೆಲ್ಲ ಅನ್ನಬೇಡ ತಮ್ಮಾ" ಅನ್ನುತ್ತಲೇ ಬಾವೋ ಅರ್ಧ ಮರ ಹತ್ತಿಯಾಗಿತ್ತು.

ಮೆಂಗನ ನರಳಾಟ ಕೇಳಿ ಮಧ್ಯಾಹ್ನ ಕೊಕ್ಕರೆಯಮ್ಮ ಬಂದಳು. "ಏನು ತಿಂದೆಯೋ?"

"ಶುಂಠಿ, ಕಹಿಬೇರು... ನಡುನಡುವೆ ಹಿಪ್ಪುನೇರಳೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ಹೋಗಿ ಬಾಯಿ ಉಜ್ಜಿ ಮುಕ್ಕಳಿಸು."

ಮೆಂಗ್ ಚೆನ್ನಾಗಿ ಉಜ್ಜಿ ಮುಕ್ಕಳಿಸಿ ನೋಡಿಕೊಂಡ. ನಾಲಿಗೆ ಗುಲಾಬಿ ಬಣ್ಣಕ್ಕಿತ್ತು!

"ನೀನು ಕೇಳದೆ ಓಡಿದ ಮಾತು ಇದೇ ಕಣೋ. ‘ಆದರೆ, ನಾಲಿಗೆ ನೋಡೋ ಮೊದಲು ಬಣ್ಣ ಹತ್ತೋ ಹಣ್ಣು ತಿಂದಿರಬಾರದು!’"

"ಮತ್ತೆ ಈ ಹೊಟ್ಟೆನೋವು?"

"ಅದು ನಿಜವಾದದ್ದೇ. ನೆಟ್ಟಗೆ ಹರಿಯುತ್ತಿದ್ದ ಚಿಯನ್ನು ನೀನೇ ಕದಡಿಕೊಂಡೆ. ಇವತ್ತು ಬರೀ ಗಂಜಿ ಕುಡಿ."

ಅಷ್ಟರಲ್ಲಿ ನೀರು ಕುಡಿಯಲು ಕೊಳಕ್ಕೆ ಬಗ್ಗಿದ್ದ ಬಾವೋ ಕಿರುಚುತ್ತಾ ಓಡಿಬಂದ. ಅವನ ನಾಲಿಗೆಯೂ ಕಡುನೇರಳೆ! "ಅಯ್ಯೋ, ನಿನ್ನ ರೋಗ ನನಗೂ ಅಂಟಿತು! ತಗೋ ತಮ್ಮಾ ನಿನ್ನ ಮರ, ನನಗೆ ಬೇಡ!"

ಮರ ಮರಳಿ ಸಿಕ್ಕಿತೆಂದು ಮೆಂಗ್ ಹಿಗ್ಗಿ ಮೇಲೆ ನೋಡಿದ. ಕೊಂಬೆ ಕೊಂಬೆಯಲ್ಲೂ ಎಲೆಗಳಷ್ಟೇ ಉಳಿದಿದ್ದವು.

ನೀತಿ: ಅರ್ಧ ಮಾತು ಕೇಳಿ ತನಗೆ ತಾನೇ ವೈದ್ಯನಾಗುವವನು ಇಲ್ಲದ ರೋಗವನ್ನು ತಂದುಕೊಳ್ಳುತ್ತಾನೆ.