ಮೊದಲ ನಕ್ಷತ್ರ ತಲೆ ತಗ್ಗಿಸಿದ್ದು

ಲೋಕ ಆಗಿನ್ನೂ ಎಳೆಯದು, ಮಗು. ಹಗಲಿರಲಿಲ್ಲ, ಮಣ್ಣಿರಲಿಲ್ಲ, ನೀರೂ ಇರಲಿಲ್ಲ. ಕತ್ತಲಜ್ಜಿ ಒಬ್ಬಳಿದ್ದಳು. ಅವಳ ಮಡಿಲ ತುಂಬ ತಣ್ಣನೆಯ ಮಂಜು.

ಅಜ್ಜಿ ಆ ಮಂಜನ್ನು ಉಂಡೆ ಕಟ್ಟಿದಳು. ಉಂಡೆ ಬಿಸಿಯಾಯಿತು, ಧಗ್ಗನೆ ಹೊತ್ತಿಕೊಂಡಿತು. ಅದೇ ಮೊದಲ ನಕ್ಷತ್ರ. ಅಜ್ಜಿ ಅವಳನ್ನು ಹೊನ್ನಿ ಎಂದು ಕರೆದಳು.

"ಹೊನ್ನಿ, ಹಸಿವಾದಷ್ಟು ತಿನ್ನು. ಆದರೆ ನಿನ್ನ ಹಿಂದೆ ಹುಟ್ಟುವವರಿಗೂ ಮಂಜು ಇರಲಿ ಕಣೇ."

ಹೊನ್ನಿ ತಿಂದಳು. ತಿಂದಷ್ಟೂ ಬೆಳಗಿದಳು. ಬೆಳಗಿದಷ್ಟೂ ಹಸಿವಾಯಿತು. ಮತ್ತೆ ತಿಂದಳು.

ಪಕ್ಕದಲ್ಲೇ ಅವಳ ತಂಗಿ ಮಂಜಿ ಇದ್ದಳು. ಇನ್ನೂ ಹೊತ್ತಿಕೊಳ್ಳದ ಪುಟ್ಟ ಉಂಡೆ.

"ಅಕ್ಕಾ, ನಂಗೂ ಒಂದು ಹಿಡಿ ಕೊಡೇ. ಚಳಿ ಆಗ್ತಿದೆ."

"ಆಮೇಲೆ ಕೊಡ್ತೀನಿ, ಆ ಕಡೆ ಹೋಗು!" ಹೊನ್ನಿ ಉಫ್ ಎಂದು ಊದಿದಳು. ಆ ಬಿಸಿ ಉಸಿರಿಗೆ ಮಂಜಿ ದೂರ ದೂರ ಚದುರಿಹೋದಳು.

ಹೊನ್ನಿ ಮತ್ತೆ ತಿಂದಳು. ಕೊನೆಗೊಮ್ಮೆ ಕೈ ಚಾಚಿದರೆ ಮಂಜೇ ಇಲ್ಲ!

ಆಗ ಗಾಳಿ ಬಂತು. "ನಿನ್ನ ತಂಗಿ ಅಲ್ಲಿ ನಡುಗ್ತಿದ್ದಾಳೆ. ನೋಡಿದೆಯಾ?"

ಹೊನ್ನಿ ತಿರುಗಿದಳು. ಹರಿದ ಬಟ್ಟೆಯಂತೆ ತೆಳ್ಳಗಾಗಿದ್ದ ಮಂಜಿ ಅಕ್ಕನನ್ನು ಕಂಡು ನಕ್ಕಳು. "ಎಷ್ಟು ಚೆಂದ ಬೆಳಗ್ತೀಯ ಅಕ್ಕಾ! ಇಲ್ಲೀವರೆಗೂ ಕಾಣ್ತೀಯ."

ಬೈದಿದ್ದರೆ ಹೊನ್ನಿ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತಿಗೆ ಅವಳ ತಲೆ ತಗ್ಗಿತು. ಅಡಗಿಕೊಳ್ಳೋಣವೆಂದರೆ ಎಲ್ಲೆಲ್ಲೂ ಅವಳದೇ ಬೆಳಕು. ಆ ಬೆಳಕಿನಲ್ಲಿ ಅವಳೊಬ್ಬಳೇ ಎದ್ದು ಕಾಣುತ್ತಿದ್ದಳು.

"ಅಜ್ಜೀ, ತಿಂದದ್ದೆಲ್ಲ ವಾಪಸ್ ಕೊಡ್ತೀನಿ."

"ಅದು ಮಂಜಾಗಿ ಉಳಿದಿಲ್ಲ ಕಣೇ. ನಿನ್ನ ಹೊಟ್ಟೆಯಲ್ಲಿ ಬೆಂದು ಕಬ್ಬಿಣವಾಗಿದೆ, ಸುಣ್ಣವಾಗಿದೆ. ಕೊಡಬೇಕಾದರೆ ನೀನೇ ಒಡೆಯಬೇಕು."

ಹೊನ್ನಿ ನಾಚಿಕೆಯಿಂದ ಒಳಗೊಳಗೇ ಕುಗ್ಗಿದಳು, ಕುಗ್ಗಿದಳು, ಇನ್ನು ಕುಗ್ಗಲಾರದೆ ಫಡಾರನೆ ಒಡೆದಳು.

ಗಾಳಿ ಅವಳ ಬೂದಿಯನ್ನು ಎಲ್ಲೆಡೆ ಹಂಚಿತು. ಮಂಜಿ ಬೊಗಸೆಯೊಡ್ಡಿದಳು, ಮೈತುಂಬಿಕೊಂಡಳು, ಬೆಚ್ಚಗೆ ಹೊತ್ತಿಕೊಂಡಳು. ಅವಳ ಹಿಂದೆಯೇ ಸಾವಿರಾರು ತಮ್ಮತಂಗಿಯರು ಹೊತ್ತಿಕೊಂಡರು.

"ಅಕ್ಕಾ, ನೋಡೇ, ನಾನೂ ಉರೀತಿದ್ದೀನಿ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಳಿದ ಬೂದಿ ಗಟ್ಟಿಯಾಗಿ ಕಲ್ಲಾಯಿತು, ನೆಲವಾಯಿತು. ಹೊನ್ನಿಯ ಕಬ್ಬಿಣ ಮಣ್ಣಿನಿಂದ ಸೊಪ್ಪಿಗೆ ಏರಿತು, ಸೊಪ್ಪಿನಿಂದ ನಮ್ಮ ನೆತ್ತರಿಗೆ ಬಂತು.

ಅದಕ್ಕೇ ಮಗು, ಯಾರಿಗೂ ಕೊಡದೆ ಬಾಯಿಗೆ ಹಾಕಿಕೊಂಡಾಗ ಯಾರಾದರೂ ನೋಡಿಬಿಟ್ಟರೆ, ಆ ನೆತ್ತರು ಇವತ್ತಿಗೂ ನಾಚಿ, ನಿನ್ನ ಕಿವಿಯ ತುದಿಯವರೆಗೂ ಬಿಸಿಬಿಸಿಯಾಗಿ ಏರಿಬರುವುದು.